ಅಪ್ಪನ ಜೀಪಿಗೊಬ್ಬ ಮಿಸ್ತ್ರಿ

2024ರ ಫೆಬ್ರವರಿಯ ಒಂದು ಭಾನುವಾರ ಅಪ್ಪನ ಜೀಪಿನ ಇಂಜಿನ್ನು ಸಿರುಗುಪ್ಪದ ನಮ್ಮ ಮನೆಗೆ ವಾಪಸ್ ಬಂತು. ಮೂರು ಅಕ್ಕಿ ಚೀಲ, ಒಂದು ಎಣ್ಣೆ ಡಬ್ಬ, ಹಗ್ಗ ಬಿಗಿದ ಬ್ಲಾಕು, ಇಷ್ಟೂ ಒಂದು ಬಾಡಿಗೆ ಟಾಟಾ ಏಸಿನ ಹಿಂದೆ. ಮುಂದೆ ಡ್ರೈವರ್ ಪಕ್ಕ ತಲೆ ತಗ್ಗಿಸಿಕೊಂಡು ಕೂತಿದ್ದವನು ನಾನು.

ಅಪ್ಪ ಬೈಯಲಿಲ್ಲ. ಭತ್ತ ಒಣಗಿಸುವ ತಾಡಪತ್ರಿ ತಂದು ಅಂಗಳದಲ್ಲಿ ಹಾಸಿದರು. ಒಂದೊಂದೇ ಚೀಲ ಬಿಚ್ಚಿ ಸಾಮಾನುಗಳನ್ನು ಸಾಲಾಗಿ ಜೋಡಿಸುತ್ತಾ ಎಣಿಸಿದರು. ಪಿಸ್ಟನ್ ನಾಲ್ಕು, ಕನೆಕ್ಟಿಂಗ್ ರಾಡ್ ನಾಲ್ಕು, ವಾಲ್ವ್ ಎಂಟು, ಮೇನ್ ಬೇರಿಂಗಿನ ಕ್ಯಾಪು ಮೂರು. ಒಂದು ಪಿಸ್ಟನ್ ಎತ್ತಿಕೊಂಡು ಅದರ ತಲೆ ಮೇಲಿನ ಮಸಿಯನ್ನು ಉಗುರಿನಿಂದ ಕೆರೆದು, ಕನ್ನಡಕ ಮೇಲೆತ್ತಿ ನೋಡಿ, ಮತ್ತೆ ಕೆಳಗಿಟ್ಟರು. ಕೊನೆಗೆ "ಕಾರ್ಬೊರೇಟರ್ ನಮ್ದಲ್ಲ ಇದು" ಅಂದರು. ಅಷ್ಟೇ. "ನಡಿ, ಕೈ ತೊಳಕೊ, ಊಟ ಮಾಡೋಣ."

ಬೈದಿದ್ದರೇ ಚೆನ್ನಾಗಿತ್ತು. ಯಾಕೆಂದರೆ ಆ ಗ್ಯಾರೇಜು ಆರಿಸಿದ್ದು ನಾನು. ನೆಲಕ್ಕೆ ಟೈಲ್ಸ್ ಹಾಕಿದ್ದರು, ಗೋಡೆಗೆ ಸ್ಪ್ಯಾನರುಗಳನ್ನು ಸೈಜಿನ ಪ್ರಕಾರ ನೇತುಹಾಕಿದ್ದರು, ಬಿಲ್ ಕೊಡುತ್ತಿದ್ದರು. ನನ್ನಂಥ ಆಫೀಸಿನ ಮನುಷ್ಯನಿಗೆ ಇನ್ನೇನು ಬೇಕು? ಎಂಟು ತಿಂಗಳು ಇಟ್ಟುಕೊಂಡರು. ಬೋರಿಂಗ್ ಆಯ್ತು, ಹೊಸ ಪಿಸ್ಟನ್ ಬಂತು ಅಂತ ಎರಡು ಸಲ ದುಡ್ಡು ತೆಗೆದುಕೊಂಡರು. ಮೂರನೇ ಸಲ ಕೇಳಿದಾಗ ಜಗಳವಾಡಿ ಇದ್ದದ್ದನ್ನು ಇದ್ದ ಹಾಗೆ ತುಂಬಿಕೊಂಡು ಬಂದೆ. ಯಾವ ಗ್ಯಾರೇಜು, ಎಲ್ಲಿ ಅಂತ ಕೇಳಬೇಡಿ. ಅದು ಇಲ್ಲಿ ಬೇಡ.

ಜೀಪಿನ ಬಗ್ಗೆ ಸ್ವಲ್ಪ ಹೇಳಿಬಿಡುತ್ತೇನೆ (ಗೊತ್ತಿರುವವರು ಮುಂದಿನ ಪ್ಯಾರಾ ಹಾರಿಸಬಹುದು).

ಅದು 1968ರ ಮಹೀಂದ್ರ ಸಿಜೆ-3ಬಿ. ಪೆಟ್ರೋಲ್. ಮಹೀಂದ್ರದವರು 1947ರಿಂದ ನಮ್ಮಲ್ಲಿ ವಿಲ್ಲೀಸ್ ಜೀಪು ಜೋಡಿಸುತ್ತಾ ಬಂದವರು. ಯುದ್ಧದ ಕಾಲದ ಜೀಪಿಗೆ ಎಂಟೂ ವಾಲ್ವು ಬ್ಲಾಕಿನಲ್ಲೇ ಇದ್ದವು. ಆಮೇಲೆ ಬಂದ ಹರಿಕೇನ್ ಇಂಜಿನ್ನಿನಲ್ಲಿ ಇನ್‌ಟೇಕ್ ವಾಲ್ವುಗಳನ್ನು ಮೇಲೆ ಹೆಡ್ಡಿಗೆ ತಂದರು, ಎಕ್ಸಾಸ್ಟ್ ವಾಲ್ವುಗಳು ಕೆಳಗೆ ಬ್ಲಾಕಿನಲ್ಲೇ ಉಳಿದವು. ಎಫ್-ಹೆಡ್ ಅಂತ ಕರೆಯುತ್ತಾರೆ. ಹೆಡ್ಡು ಎತ್ತರವಾಯಿತು, ಹಳೆಯ ಬಾನೆಟ್ಟಿನೊಳಗೆ ಹಿಡಿಸಲಿಲ್ಲ, ಬಾನೆಟ್ಟನ್ನೇ ಮೇಲೆತ್ತಿದರು. 1953ರಲ್ಲಿ ಬಂದ ಸಿಜೆ-3ಬಿಯ ಎತ್ತರದ ಮೂತಿಗೆ ಕಾರಣ ಅದು, ಅಂದ ಚೆಂದ ಏನೂ ಅಲ್ಲ. 2199 ಸಿಸಿ, ನಾಲ್ಕು ಸಿಲಿಂಡರು. ಬೋರು ಮೂರೂ ಕಾಲಿಗೆ ಅರೆಪಾವು ಕಡಿಮೆ, ಅಂದರೆ 3.125 ಇಂಚು. ಸ್ಟ್ರೋಕು 4.375 ಇಂಚು. ಸ್ಟ್ರೋಕು ಇಷ್ಟು ಉದ್ದ ಇರುವುದರಿಂದ ಓಡುವುದರಲ್ಲಿ ಅಷ್ಟಕ್ಕಷ್ಟೇ. ಆದರೆ ಗದ್ದೆ ಕೆಸರಿನಲ್ಲಿ ಎರಡನೇ ಗೇರಿಗೆ ಹಾಕಿ ಬಿಟ್ಟರೆ ಎಮ್ಮೆ ಹಾಗೆ ಎಳೆಯುತ್ತದೆ.

ಅಪ್ಪ ಅದನ್ನು 1983ರಲ್ಲಿ ಕಾಲುವೆ ಕೆಲಸದ ಕಂಟ್ರಾಕ್ಟರೊಬ್ಬರಿಂದ ಕೊಂಡರು. ಎಂವೈ ಅಕ್ಷರದ, ಅಂದರೆ ಮೈಸೂರು ರಾಜ್ಯದ ಕಾಲದ ನಂಬರು. ನಮ್ಮ ಸಿರುಗುಪ್ಪದ ಕಪ್ಪುಮಣ್ಣಿನಲ್ಲಿ ಮಳೆಗಾಲಕ್ಕೆ ಬೇರೆ ಯಾವ ಗಾಡಿಯೂ ನಡೆಯುತ್ತಿರಲಿಲ್ಲ. ಬಿತ್ತನೆ ಚೀಲ, ಗೊಬ್ಬರ, ಹೆರಿಗೆ ಹೆಂಗಸರು, ಕುರುಗೋಡು ದೊಡ್ಡಬಸವಣ್ಣನ ತೇರಿಗೆ ಹೋಗುವ ಮನೆ ಮಂದಿ ಹನ್ನೊಂದು ಜನ, ಎಲ್ಲ ಅದರಲ್ಲೇ. ನಾನು ಹತ್ತನೇ ಕ್ಲಾಸು ಪಾಸಾದದ್ದನ್ನು ಹೇಳಲು ಓಡಿಬಂದಾಗ ಅಪ್ಪ ಅದರ ಕೆಳಗೆ ಮಲಗಿದ್ದರು. ಕಾಲು ಮಾತ್ರ ಕಾಣುತ್ತಿತ್ತು. "ಹೌದಾ? ಹದಿನಾಲ್ಕರ ಸ್ಪ್ಯಾನರ್ ಕೊಡು" ಅಂದಿದ್ದರು :)

ಅದು ನಿಂತದ್ದು 2023ರ ಏಪ್ರಿಲ್‌ನಲ್ಲಿ, ತೆಕ್ಕಲಕೋಟೆ ದಾಟಿ ಬಳ್ಳಾರಿ ಕಡೆ ಬರುವಾಗ. ನಮ್ಮ ಕಡೆಯ ಏಪ್ರಿಲ್ ಬಿಸಿಲು ಗೊತ್ತಲ್ಲ, ರಸ್ತೆ ಕರಗಿ ಚಪ್ಪಲಿಗೆ ಅಂಟುತ್ತದೆ. ನೀರಿನ ಪಂಪು ಸೋರಿ ರೇಡಿಯೇಟರ್ ಖಾಲಿಯಾದದ್ದು ನನಗೆ ಗೊತ್ತಾಗಲಿಲ್ಲ (ಹೌದು, ಓಡಿಸುತ್ತಿದ್ದವನೂ ನಾನೇ). ಆಮೇಲೆ ಕಂಪ್ರೆಶನ್ ನೋಡಿಸಿದರೆ ನಡುವಿನ ಎರಡು ಸಿಲಿಂಡರ್ ಸತ್ತಿದ್ದವು. ಆಯಿಲ್ ಪ್ರೆಶರಂತೂ ಅದಕ್ಕೂ ಮೊದಲೇ ಇಳಿದಿತ್ತು. ಪೂರಾ ಇಂಜಿನ್ ಕೆಲಸವೇ ಆಗಬೇಕಿತ್ತು.

ಚೀಲಗಳು ಅಂಗಳದಲ್ಲಿ ಬಿದ್ದ ಮೇಲೆ ಎಲ್ಲರೂ ಬುದ್ಧಿ ಹೇಳುವವರೇ. ಭಾವ "ಡೀಸೆಲ್ ಇಂಜಿನ್ ಕೂರಿಸಿಬಿಡು, ಎಲ್ಲಾರೂ ಅದನ್ನ ಮಾಡ್ಯಾರ" ಅಂದರು. ಸುಳ್ಳಲ್ಲ. ಪೆಟ್ರೋಲ್ ರೇಟು ಏರಿದ ಮೇಲೆ ನಮ್ಮ ಸುತ್ತಮುತ್ತ ಇಂಥ ಜೀಪುಗಳಿಗೆಲ್ಲ ಡೀಸೆಲ್ ಹೃದಯ ಬಂತು. ಆದರೆ ಇಂಜಿನ್ನು, ಚಾಸಿ ಮೂಲದ್ದೇ ಇದ್ದು 50 ವರ್ಷ ದಾಟಿದ ಗಾಡಿಗಳಿಗೆ 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ಅಂತ ಬೇರೆ ನೋಂದಣಿ ತಂದಿದೆ. ನಂಬರಿನಲ್ಲಿ ವಿಎ ಅಂತ ಇರುತ್ತದೆ. ಹೊಸದಾಗಿ ಮಾಡಿಸಲು 20,000 ರೂಪಾಯಿ ಶುಲ್ಕ, ದಿನನಿತ್ಯದ ಓಡಾಟಕ್ಕೆ ಆಗುವುದಿಲ್ಲ. ಅದನ್ನು ಮಾಡಿಸುತ್ತೇವೋ ಇಲ್ಲವೋ, ಬೇರೆ ಇಂಜಿನ್ ಕೂರಿಸಿದರೆ ಆ ಬಾಗಿಲು ಮುಚ್ಚಿದಂತೆ. ಇದನ್ನೆಲ್ಲ ನಾನು ವಿವರಿಸಿದೆ. ಅಪ್ಪ ಮಾತ್ರ ಒಂದೇ ಮಾತು ಅಂದರು, "ಡೀಸೆಲ್ ಹಾಕಿದ್ರ ಅದು ಬ್ಯಾರೆ ಗಾಡಿ."

ಹಾಗಾಗಿ ಮತ್ತೆ ಮಿಸ್ತ್ರಿ ಹುಡುಕಾಟ ಶುರು. ನಾನಿರುವುದು ಬಳ್ಳಾರಿಯಲ್ಲಿ, ಸಂಜೆ ಆಫೀಸು ಬಿಟ್ಟ ಮೇಲೆ ಅದೇ ಕೆಲಸ. ಈ ಸಲ ಅಪ್ಪ ನನಗೊಂದು ಪ್ರಶ್ನೆ ಹೇಳಿಕೊಟ್ಟರು. "ಯಾವನೇ ಇರಲಿ, ಕಾರ್ಬೊರೇಟರ್ ಕೆಳಗ ಏನೈತಿ ಅಂತ ಕೇಳು."

ಉತ್ತರ ಇದು. ಈ ಇಂಜಿನ್ನಿಗೆ ಇನ್‌ಟೇಕ್ ಮ್ಯಾನಿಫೋಲ್ಡ್ ಅಂತ ಬೇರೆ ಇಲ್ಲ, ಹೆಡ್ಡಿನ ಜೊತೆಗೇ ಎರಕ ಹೊಯ್ದಿದ್ದಾರೆ. ಕಾರ್ಬೊರೇಟರ್ ನೇರವಾಗಿ ಹೆಡ್ಡಿನ ಮೇಲೆ ಕೂರುತ್ತದೆ. ಹೆಡ್ಡಿನ ಬೋಲ್ಟುಗಳಲ್ಲಿ ಒಂದು ಆ ಕಾರ್ಬೊರೇಟರಿನ ಅಡಿ, ಗಾಳಿ ಹೋಗುವ ತೂತಿನೊಳಗೆ ಅಡಗಿಕೊಂಡಿದೆ. ಗೊತ್ತಿಲ್ಲದವನು ಕಾಣುವ ಬೋಲ್ಟುಗಳನ್ನೆಲ್ಲ ಬಿಚ್ಚಿ ಹೆಡ್ಡು ಏಳುತ್ತಿಲ್ಲ, ಜಾಮ್ ಆಗಿದೆ ಅಂದುಕೊಂಡು ಉಳಿ ಹಾಕಿ ಮೀಟುತ್ತಾನೆ.

ಬಳ್ಳಾರಿಯಲ್ಲಿ ಕೇಳುತ್ತಾ ಹೋದೆ. ಒಬ್ಬರು "ಗ್ಯಾಸ್ಕೆಟ್" ಅಂದರು. ಒಬ್ಬರು "ಏನಿರ್ತದ ಸಾರ್, ಇಂಜಿನ್ ಇರ್ತದ" ಅಂದು ನಕ್ಕರು, ನಾನೂ ನಕ್ಕು ಬಂದೆ. ಇನ್ನೊಬ್ಬರು, ವಯಸ್ಸಾದವರು, ಕೇಳಿದ ಕೂಡಲೇ "ಕಳ್ಳ ಬೋಲ್ಟು" ಅಂದರು. ಸಿಕ್ಕೇಬಿಟ್ಟರು ಅಂತ ಖುಷಿಪಟ್ಟೆ. ಪೂರ್ತಿ ದುಡ್ಡು ಮೊದಲೇ ಕೊಡಬೇಕು, ನಡುವೆ ಬಂದು ನೋಡುವುದು ಬೇಡ, ಹಳೇ ಸಾಮಾನು ಕೇಳಬಾರದು ಅಂದರು. ಅಪ್ಪನಿಗೆ ಫೋನ್ ಮಾಡಿದೆ. "ಕೆಲಸ ಗೊತ್ತಿರೋ ಕಳ್ಳ ಇನ್ನೂ ದೊಡ್ಡ ಕಳ್ಳ, ಬಾ ಮನಿಗೆ" ಅಂದರು. ಅವರು ಕಳ್ಳರೇನೂ ಆಗಿರಲಿಕ್ಕಿಲ್ಲ, ನೋಡುತ್ತಾ ನಿಲ್ಲುವ ಗಿರಾಕಿಗಳಿಂದ ಬೇಸತ್ತಿರಬಹುದು. ಆದರೆ ಒಮ್ಮೆ ಸುಟ್ಟುಕೊಂಡವನು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾನಲ್ಲ, ನಾನು ಒಪ್ಪಲಿಲ್ಲ.

ದಾರಿ ಸಿಕ್ಕಿದ್ದು ಒಬ್ಬ ಹುಡುಗನಿಂದ. ಹೊಸ ಕಾರುಗಳಿಗೆ ಸ್ಕ್ಯಾನರ್ ಹಾಕಿ ನೋಡುವ ಹುಡುಗ, ಇಪ್ಪತ್ತೈದರ ಒಳಗೇ ವಯಸ್ಸು. ಪ್ರಶ್ನೆ ಕೇಳಿದ್ದಕ್ಕೆ "ಗೊತ್ತಿಲ್ಲ ಸಾರ್. ನಾನು ಇಂಥಾ ಇಂಜಿನ್ ಬಿಚ್ಚೇ ಇಲ್ಲ, ನಿಮ್ದು ಹಾಳು ಮಾಡ್ತೀನಿ" ಅಂದ. ಅಷ್ಟು ದಿನದಲ್ಲಿ ಗೊತ್ತಿಲ್ಲ ಅಂದವನು ಅವನೊಬ್ಬನೇ. ಹೊರಟವನನ್ನು ಕರೆದು ಇನ್ನೊಂದು ಮಾತು ಹೇಳಿದ. "ಗ್ಯಾರೇಜಲ್ಲಿ ಕೇಳಬೇಡ್ರಿ ಸಾರ್. ಕ್ರ್ಯಾಂಕ್ ಗ್ರೈಂಡಿಂಗ್ ಅಂಗಡೀಲಿ ಕೇಳ್ರಿ. ಯಾರ ಕೆಲಸ ಹೆಂಗೆ ಅಂತ ಅವರಿಗೆ ಗೊತ್ತಿರ್ತದೆ."

ಕೌಲ್ ಬಜಾರ್ ಕಡೆಯ ಒಂದು ಗ್ರೈಂಡಿಂಗ್ ಅಂಗಡಿ. ಒಳಗೆ ಒಂದು ದೊಡ್ಡ ಯಂತ್ರ, ಹಾಲಿನಂಥ ಬಿಳಿ ನೀರು ಸುರಿಯುತ್ತಾ ಲಾರಿಯ ಕ್ರ್ಯಾಂಕ್ ಒಂದು ತಿರುಗುತ್ತಿತ್ತು. ಮಾಲೀಕರು ನನ್ನ ಕಥೆಯನ್ನೆಲ್ಲ ಕೇಳಿ ಹೇಳಿದ್ದು ನನಗೆ ಇನ್ನೂ ನೆನಪಿದೆ. ಮಿಸ್ತ್ರಿಗಳಲ್ಲಿ ಹೆಚ್ಚಿನವರು ಕ್ರ್ಯಾಂಕ್ ಬಿಟ್ಟು ಹೋಗುತ್ತಾರೆ, ಕೆಲಸ ಆದ ಮೇಲೆ ಹುಡುಗನನ್ನು ಕಳಿಸಿ ತರಿಸಿಕೊಳ್ಳುತ್ತಾರೆ. ಒಬ್ಬಿಬ್ಬರು ಮಾತ್ರ ತಾವೇ ಬಂದು, ತಮ್ಮದೇ ಮೈಕ್ರೋಮೀಟರ್ ತೆಗೆದು, ಅಂಗಡಿಯವರ ಎದುರೇ ಮತ್ತೆ ಅಳೆಯುತ್ತಾರೆ. "ನಮಗ ಸಿಟ್ಟು ಬರ್ತದ್ರಿ. ಆದ್ರ ನಮ್ಮನಿ ಗಾಡಿ ಕೆಟ್ರೆ ನಾವು ಅವರ ಹತ್ರಾನೇ ಹೋಗ್ತೀವಿ." ಅಂಥವರಲ್ಲಿ ಒಬ್ಬರು ಕುರುಗೋಡಿನಲ್ಲಿದ್ದಾರೆ ಅಂತ ಗುರುತು ಹೇಳಿದರು.

ಬಳ್ಳಾರಿಯಿಂದ ಕುರುಗೋಡು ಒಂದು ಗಂಟೆಯ ದಾರಿಯೂ ಅಲ್ಲ. ಜುಲೈನಲ್ಲಿ ಅಪ್ಪನನ್ನೂ ಕರೆದುಕೊಂಡು ಚೀಲಗಳ ಸಮೇತ ಹೋದೆ. ಬಂಡೆಗುಡ್ಡದ ಬುಡದಲ್ಲಿ ಒಂದು ತಗಡಿನ ಶೆಡ್ಡು, ಮುಂದೆ ಬೇವಿನ ಮರ. ಮರದ ಕೆಳಗೆ ಟ್ರ್ಯಾಕ್ಟರ್ ಒಂದು, ಪಂಪ್‌ಸೆಟ್ ಎರಡು. ಮಿಸ್ತ್ರಿಗೆ ಎಪ್ಪತ್ತು ದಾಟಿದೆ, ವಯಸ್ಸಿನಲ್ಲಿ ಸಂಡೂರಿನ ಗಣಿಗಳ ಜೀಪು ರಿಪೇರಿ ಮಾಡಿಕೊಂಡಿದ್ದವರು. ಚೀಲ ನೋಡಿದ್ದೇ ಮುಖ ತಿರುಗಿಸಿದರು.

"ಬ್ಯಾರೇರು ಬಿಚ್ಚಿದ್ದು ನಾನು ಮುಟ್ಟಂಗಿಲ್ರಿ. ಬಿಚ್ಚಬೇಕಾದ್ರ ಅರ್ಧ ಕಥೆ ಗೊತ್ತಾಗ್ತತಿ. ಇದರಾಗ ಆ ಕಥೆ ಎಲ್ಲೈತಿ?"

ನಾನು ಕೈಕಾಲು ಬಿದ್ದವನ ಹಾಗೆ ನಿಂತೆ. ಅಪ್ಪ ಏನೂ ಮಾತಾಡದೆ ಬ್ಲಾಕಿನ ಮೇಲಿನ ಹಗ್ಗ ಬಿಚ್ಚಿ ಬಟ್ಟೆ ಸರಿಸಿದರು. ಮಿಸ್ತ್ರಿ ಕೂತಲ್ಲಿಂದಲೇ ನೋಡಿದರು. ಆಮೇಲೆ ಎದ್ದು ಬಂದರು. ಬ್ಲಾಕಿನ ಮೇಲ್ಮೈಯ ಅಂಚಿನಲ್ಲಿ ಬೆರಳು ಓಡಿಸಿ ಒಂದು ಕಡೆ ನಿಲ್ಲಿಸಿದರು. ಕಚ್ಚಿದ ಹಾಗೆ ಎರಡು ಗಾಯ.

"ಉಳಿ ಹಾಕ್ಯಾರ. ಕಾರ್ಬೊರೇಟರ್ ಕೆಳಗಿನ ಬೋಲ್ಟು ಇರಬೇಕಾದ್ರನ ಹೆಡ್ಡು ಎತ್ತಾಕ ನೋಡ್ಯಾರ."

ನಾನು ಪ್ರಶ್ನೆ ಕೇಳುವುದೇ ಉಳಿಯಲಿಲ್ಲ. ಅಪ್ಪನ ಮುಖ ನೋಡಿದೆ, ಅವರು ಬೇವಿನ ಮರ ನೋಡುತ್ತಿದ್ದರು.

ಮಿಸ್ತ್ರಿ ಒಳಗಿಂದ ಮರದ ಪೆಟ್ಟಿಗೆ ತಂದರು. ಮೈಕ್ರೋಮೀಟರು, ಬೋರ್ ಗೇಜು, ಎರಡಕ್ಕೂ ಹಳೇ ಲುಂಗಿಯ ಬಟ್ಟೆ ಸುತ್ತಿತ್ತು. ಸಿಲಿಂಡರಿನ ಬಾಯಿಯಲ್ಲಿ ನನ್ನ ಬೆರಳು ಹಿಡಿದು ಉಗುರು ಆಡಿಸಿಸಿದರು. ಒಳಗಡೆ ಒಂದು ದಂಡೆ ಉಗುರಿಗೆ ತಟ್ಟಿತು. ರಿಂಗು ಓಡಾಡಿದಷ್ಟು ಜಾಗ ಸವೆದು, ರಿಂಗು ಮುಟ್ಟದ ಮೇಲಿನ ತುದಿ ಹಾಗೇ ಉಳಿದರೆ ಆಗುವ ದಂಡೆ ಅದು. ಹೊಸದಾಗಿ ಬೋರ್ ಮಾಡಿದ್ದರೆ ಅದು ಇರಲು ಸಾಧ್ಯವೇ ಇಲ್ಲ. ನಾನು ಜೇಬಿನಿಂದ ಬಿಲ್ ತೆಗೆದೆ. ಬೋರಿಂಗ್, 030 ಪಿಸ್ಟನ್ ಸೆಟ್ಟು, ರಿಂಗು, ಎಲ್ಲಾ ಬರೆದಿತ್ತು, ಸೀಲೂ ಇತ್ತು.

ಮಿಸ್ತ್ರಿ ಒಂದು ಪಿಸ್ಟನ್ನಿನ ತಲೆಯನ್ನು ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿ ನನ್ನ ಕೈಗೆ ಕೊಟ್ಟರು. 020 ಅಂತ ಅಚ್ಚು.

ಇಂಚನ್ನು ಸಾವಿರ ಪಾಲು ಮಾಡಿದರೆ ಒಂದು ಪಾಲು ಒಂದು ಥೌ. ಮೂಲ ಅಳತೆಗಿಂತ 20 ಥೌ ದಪ್ಪದ ಪಿಸ್ಟನ್ನು 020. ಅಪ್ಪ 1994ರಲ್ಲಿ ಬೋರ್ ಮಾಡಿಸಿದಾಗ ಹಾಕಿಸಿದ್ದು ಅದೇ, ಅವರ ಡೈರಿಯಲ್ಲಿ ಬರೆದಿದೆ. ಅಂದರೆ ಎಂಟು ತಿಂಗಳಲ್ಲಿ ಆ ಗ್ಯಾರೇಜಿನಲ್ಲಿ ನಡೆದದ್ದು ಬಿಚ್ಚಿದ್ದು ಮಾತ್ರ.

ಆಗ ಹೊಳೆಯಿತು ನನಗೆ. ಅಂಗಳದಲ್ಲಿ ಅವತ್ತು ಉಗುರಿನಿಂದ ಕೆರೆದು ನೋಡಿ ಕೆಳಗಿಟ್ಟದ್ದು ಇದನ್ನೇ.

"ನಿಮಗೆ ಅವತ್ತೇ ಗೊತ್ತಾಗಿತ್ತಲ್ಲ?"

"ನೀನು ಹೊಟ್ಟಿ ಹಸಗೊಂಡು ಬಂದಿದ್ದಿ" ಅಂದರು ಅಪ್ಪ.

ಐದು ತಿಂಗಳು ಹೇಳಿರಲಿಲ್ಲ ಅವರು. ಮಿಸ್ತ್ರಿ ನಮ್ಮಿಬ್ಬರನ್ನೂ ನೋಡಿ, ಹುಡುಗನಿಗೆ ಚಾ ತರಲು ಹೇಳಿದರು. ಇಂಜಿನ್ ಮುಟ್ಟಲ್ಲ ಅಂದದ್ದನ್ನು ವಾಪಸ್ ತೆಗೆದುಕೊಂಡಿದ್ದಾರೆ ಅಂತ ನಮಗೆ ಗೊತ್ತಾದದ್ದು ಆ ಚಾದಿಂದಲೇ.

ಅವರ ಕರಾರು ಹೀಗಿತ್ತು. ಮುಂಗಡ ಬೇಡ. ಸಾಮಾನು ನೀವೇ ತರಬೇಕು, ಚೀಟಿ ಬರೆದುಕೊಡುತ್ತೇನೆ. ಅಳತೆ ಮಾಡುವ ದಿನ ನೀವು ಇಲ್ಲೇ ಕೂರಬೇಕು. ತೆಗೆದ ಹಳೇ ಸಾಮಾನು ಪೂರಾ ಮನೆಗೆ ಒಯ್ಯಬೇಕು. "ಮತ್ತ ದಿನಾ ಫೋನ್ ಮಾಡಬಾರ್ದು." ಕೊನೆಯದು ನನಗೆ ಕಷ್ಟವಾಯಿತು.

ಅಲ್ಲಿಂದ ನನ್ನ ಭಾನುವಾರಗಳೆಲ್ಲ ಕುರುಗೋಡಿಗೆ. ರಾಡುಗಳ ಕ್ಯಾಪು ಎರಡು ಅದಲು ಬದಲಾಗಿದ್ದವು, ಹಳೆಯ ಪಂಚ್ ಚುಕ್ಕೆ ಎಣಿಸಿ ಜೋಡಿ ಕೂಡಿಸಿದರು. ಕ್ರ್ಯಾಂಕ್ ಹೊತ್ತುಕೊಂಡು ನಾವಿಬ್ಬರೂ ಬಳ್ಳಾರಿ ಬಸ್ಸಿನಲ್ಲಿ ಹೋದೆವು. ಕಂಡಕ್ಟರ್ ಅದಕ್ಕೂ ಲಗೇಜ್ ಟಿಕೆಟ್ ಹರಿದ. ಗ್ರೈಂಡಿಂಗ್ ಆದ ಮೇಲೆ ಮಿಸ್ತ್ರಿ ಲುಂಗಿ ಬಟ್ಟೆ ಬಿಚ್ಚಿ ತಮ್ಮ ಮೈಕ್ರೋಮೀಟರ್ ತೆಗೆದಾಗ ಅಂಗಡಿ ಮಾಲೀಕರು ನನ್ನ ಕಡೆ ನೋಡಿ ಕಣ್ಣು ಹೊಡೆದರು. ಬೋರು ಮೇಲ್ಗಡೆ 8 ಥೌ ಸವೆದಿತ್ತು, 030 ಪಿಸ್ಟನ್ನಿಗೆ ಸರಿಹೋಗುತ್ತದೆ ಅಂದರು. ಬೋರ್ ಆಗಿ ಹೋನಿಂಗ್ ಆದ ಮೇಲೆ ಒಳಗೋಡೆಯಲ್ಲಿ ಬಲೆ ಹೆಣೆದ ಹಾಗೆ ಸಣ್ಣ ಗೆರೆಗಳು. ಎಣ್ಣೆ ನಿಲ್ಲುವುದು ಆ ಗೆರೆಗಳಲ್ಲಿ. ಗೋಡೆ ಕನ್ನಡಿ ಹಾಗೆ ಹೊಳೆದರೆ ಕೆಲಸ ಚೆನ್ನಾಗಿ ಆಗಿದೆ ಅಂತ ನಾನು ತಿಳಿದಿದ್ದೆ, ತಪ್ಪಂತೆ.

ಎಕ್ಸಾಸ್ಟ್ ವಾಲ್ವುಗಳ ಕೆಲಸ ನನಗೆ ತುಂಬ ಹಿಡಿಸಿತು. ಅವು ಬ್ಲಾಕಿನಲ್ಲೇ ಇರುವುದರಿಂದ ಹೆಡ್ಡನ್ನು ಹೊರಗೆ ಒಯ್ದು ಮಾಡಿಸಿಕೊಂಡು ಬಂದರೆ ಅರ್ಧ ಕೆಲಸ ಮಾತ್ರ ಆದ ಹಾಗೆ. ಸೀಟಿಗೆ ಪೇಸ್ಟ್ ಹಚ್ಚಿ, ಕೋಲಿನ ತುದಿಯ ರಬ್ಬರನ್ನು ವಾಲ್ವಿಗೆ ಅಂಟಿಸಿ, ಮಜ್ಜಿಗೆ ಕಡೆಯುವ ಹಾಗೆ ಎರಡೂ ಅಂಗೈಯಲ್ಲಿ ತಿರುವುತ್ತಿದ್ದರು. ಮೊದಲು ಗರಗರ, ಆಮೇಲೆ ಸದ್ದು ತೆಳುವಾಗುತ್ತಾ ಬಂದು ನಿಂತುಬಿಡುತ್ತದೆ. ಆಮೇಲೆ ಮೇಲೆ ಸೀಮೆಎಣ್ಣೆ ಸುರಿದು ಕೆಳಗೆ ಇಳಿಯುತ್ತದಾ ಅಂತ ಹತ್ತು ನಿಮಿಷ ಕಾಯಬೇಕು. ಮೂರನೆಯದು ಜಿನುಗಿತು. ಯಾರೂ ನೋಡುತ್ತಿರಲಿಲ್ಲ, ಒಂದು ಹನಿ. ಮತ್ತೆ ಬಿಚ್ಚಿದರು.

ನಡುವೆ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿಹೋಯಿತು. ಜೀಪು, ಇಂಜಿನ್ನು ಎಲ್ಲಾ ಮರೆತುಹೋಯಿತು. ಸಿರುಗುಪ್ಪದ ಭತ್ತ ನಿಂತಿರುವುದೇ ಆ ನೀರಿನ ಮೇಲೆ, ಅಪ್ಪ ನಿದ್ದೆ ಮಾಡಲಿಲ್ಲ. ಕನ್ನಯ್ಯ ನಾಯ್ಡು ಅವರನ್ನು ಕರೆಸಿ, ಹರಿಯುವ ನೀರಿನಲ್ಲೇ ವಾರದೊಳಗೆ ಸ್ಟಾಪ್‌ಲಾಗ್ ಗೇಟ್ ಇಳಿಸಿದರು. ಮುಂದಿನ ಭಾನುವಾರ ಹೋದರೆ ಮಿಸ್ತ್ರಿಗೆ ಅದೇ ಮಾತು. ಮಾತಾಡುತ್ತಲೇ ರಿಂಗಿನ ಗ್ಯಾಪು ನೋಡುತ್ತಿದ್ದರು. "ಎಪ್ಪತ್ತು ವರ್ಷದ ಗೇಟು ಹೋದ್ರ ರಿಟೈರ್ ಆದ ಮನಷ್ಯಾನ್ನ ಹುಡುಕ್ಯಾಡಿ ಕರೀಬೇಕಾತು ನೋಡ್ರಿ." ತಮ್ಮ ಬಗ್ಗೆಯೇ ಹೇಳಿಕೊಂಡರು ಅಂತ ನನಗನಿಸಿತು, ಆದರೆ ಮುಖದಲ್ಲೇನೂ ಇರಲಿಲ್ಲ. ಅವರ ಹತ್ತಿರ ಕಲಿಯುವ ಹುಡುಗ ಒಬ್ಬನೇ, ಅವನೂ ಬೆಂಗಳೂರಿಗೆ ಹೋಗುವ ಯೋಚನೆಯಲ್ಲಿದ್ದ.

ನವೆಂಬರ್‌ನಲ್ಲಿ ಇಂಜಿನ್ ಜೀಪಿಗೆ ಕೂತಿತು. ಕಾರ್ಬೊರೇಟರ್ ಮಾತ್ರ ನಮ್ಮದು ಸಿಗಲಿಲ್ಲ, ಬಳ್ಳಾರಿ ಗುಜರಿಯಲ್ಲಿ ಸಿಕ್ಕ ಇನ್ನೊಂದನ್ನು ಸರಿಮಾಡಿದರು. ಹೆಡ್ ಬೋಲ್ಟಿಗೆ ಟಾರ್ಕ್ ರೆಂಚ್ ಬಂತು. ಕಳ್ಳ ಬೋಲ್ಟನ್ನು ಅಪ್ಪನ ಕೈಯಿಂದಲೇ ಬಿಗಿ ಮಾಡಿಸಿದರು. ಟ್ಯಾಪೆಟ್ಟಿಗೆ ಫೀಲರ್ ಗೇಜ್ ತೆಗೆದುಕೊಂಡು ಯಾರನ್ನೂ ಕೇಳದೆ "ಮ್ಯಾಲಿಂದು 18, ಕೆಳಗಿಂದು 16" ಅಂತ ತಮಗೆ ತಾವೇ ಹೇಳಿಕೊಂಡರು. ಅಪ್ಪ ಡೈರಿ ತೆಗೆದು ನೋಡಿದರು. ಅದೇ ಇತ್ತು.

ಪ್ಲಗ್ಗು ಹಾಕದೆ ಮೊದಲು ಸುಮ್ಮನೆ ತಿರುಗಿಸಿದರು, ಆಯಿಲ್ ಮುಳ್ಳು ಏಳುವವರೆಗೆ. ಆಮೇಲೆ ಪ್ಲಗ್ಗು. ಎರಡು ಸಲ ಕೆಮ್ಮಿತು, ಮೂರನೇ ಸಲಕ್ಕೆ ಹಿಡಿಯಿತು. ಅಪ್ಪನಿಗೆ ಈಗ ಎಡಗಿವಿ ಪೂರಾ ಕೇಳಿಸುವುದಿಲ್ಲ. ಬಾನೆಟ್ಟಿನ ಅಂಚಿಗೆ ಅಂಗೈ ಒತ್ತಿಕೊಂಡು ನಿಂತರು. ಎಷ್ಟು ಹೊತ್ತು ಅಂದರೆ, ಬಿಸಿಯಾಗುತ್ತದೆ ತೆಗೆಯಿರಿ ಅಂತ ನಾನೇ ಹೇಳಬೇಕಾಯಿತು.

ಕೂಲಿ ಅಂತ ಮಿಸ್ತ್ರಿ ಕೇಳಿದ್ದು 14,000 ರೂಪಾಯಿ. ಮೊದಲನೇ ಗ್ಯಾರೇಜಿಗೆ ನಾನು ಸುರಿದದ್ದರ ಅರ್ಧಕ್ಕೂ ಕಡಿಮೆ. ಒಂದು ಗ್ಯಾಸ್ಕೆಟ್ ಉಳಿದಿತ್ತು, ವಾಪಸ್ ಮಾಡಿ ದುಡ್ಡು ತಗೊಳ್ಳಿ ಅಂತ ಕೈಗಿಟ್ಟರು. ಮೊದಲ 500 ಕಿಲೋಮೀಟರಿಗೆ ಆಯಿಲ್ ಬದಲಿಸಬೇಕು, ಹೆಡ್ ಮತ್ತೊಮ್ಮೆ ಬಿಗಿ ಮಾಡಬೇಕು, ಅದಕ್ಕೆ ಕಾರ್ಬೊರೇಟರ್ ಇಳಿಸಲೇಬೇಕು. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇರುವುದರಿಂದ ಹಳೇ ರಬ್ಬರ್ ಪೈಪು, ಪೆಟ್ರೋಲ್ ಪಂಪಿನ ಡಯಾಫ್ರಮ್ಮು ಆಗಾಗ ನೋಡುತ್ತಿರಬೇಕು. ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಟ್ಯಾಂಕ್ ಖಾಲಿ ಮಾಡಿ ನಿಲ್ಲಿಸಬೇಕು.

ಅಪ್ಪ ಡೈರಿ ಮುಂದೆ ಚಾಚಿದರು. ಮಿಸ್ತ್ರಿ ತಾರೀಕು ಹಾಕಿ, ಪಕ್ಕದಲ್ಲಿ 030 ಅಂತ ಬರೆದು, ಪೆನ್ನು ವಾಪಸ್ ಕೊಡುತ್ತಾ "ಇನ್ನೂ ಸೈಜು ಉಳದಾವು" ಅಂದರು.

ವಾಪಸ್ ಬರುವಾಗ ಮೂವತ್ತರ ಮೇಲೆ ಓಡಿಸಲು ಅಪ್ಪ ಬಿಡಲಿಲ್ಲ. ಸೈಕಲ್ಲಿನವನೊಬ್ಬ ನಮ್ಮನ್ನು ದಾಟಿ ಹೋದ, ನಿಜವಾಗಿ. ತೆಕ್ಕಲಕೋಟೆಯಲ್ಲಿ ನಿಲ್ಲಿಸಿ ಒಗ್ಗರಣಿ ಮಿರ್ಚಿ ತಿಂದೆವು. ಅಪ್ಪ ಪ್ಲೇಟು ಹಿಡಿದುಕೊಂಡೇ ಹೋಗಿ ರೇಡಿಯೇಟರ್ ಕೆಳಗೆ ಬಗ್ಗಿ ನೋಡಿ ಬಂದರು. ಸೋರುತ್ತಿರಲಿಲ್ಲ. ಹಾರ್ನು ಮಾತ್ರ ಇನ್ನೂ ಆಗಿಲ್ಲ, ಅದಕ್ಕೆ ಎಲೆಕ್ಟ್ರಿಷಿಯನ್ ಹುಡುಕಬೇಕು.